‘ಕ್ರಾಸ್’ ಶಬ್ದದ ಬೆಂಗಳೂರು ವಾಸ



ಭಾಷೆಗೆ ಸಂಬಂಧಪಟ್ಟ ಒಂದು ವಿಷಯವನ್ನು ಕುರಿತು, ಶಾಸ್ತ್ರಜ್ಞರಿಗೆ ಮಾತ್ರವಲ್ಲದೆ ಸಾಮಾನ್ಯ ನಾಗರಿಕರಿಗೂ ರುಚಿಸುವಂತೆ ಮಾತನಾಡಬೇಕೆಂದು ತಾವು ಆಜ್ಞಾಪಿಸಿದಾಗ, ಹಳಗನ್ನಡದ ಯಾವುದಾದರೊಂದು ಗಂಭೀರಪದವನ್ನೋ, ಅರ್ಥವಿವಾದಕ್ಕೆ ಒಳಗಾದ ಶಾಸನಶಬ್ದವನ್ನೋ ಆರಿಸಿಕೊಳ್ಳುವುದು ಸಂಪ್ರದಾಯಕ್ಕೆ ಒಪ್ಪುವ ಮಾರ್ಗವಾಗುತ್ತಿತ್ತು. ಆ ಮಾರ್ಗವನ್ನು ಬಿಟ್ಟು, ಈ ಸಭೆಯಲ್ಲಿ ಕುಳಿತಿರುವವರೆಲ್ಲರೂ ಮದುವೆಯ ಕರೆಯೋಲೆಯಲ್ಲಿ, ಅಂಚೆಯ ಲಕೋಟೆಯಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಆಟೋದವನೊಡನೆ ನಡೆಯುವ ಚೌಕಾಸಿಯಲ್ಲಿ ದಿನನಿತ್ಯವೂ ಬಳಸುತ್ತಿದ್ದರೂ ಒಮ್ಮೆಯೂ ನಿಂತು ವಿಚಾರಿಸದೆ ಬಿಟ್ಟಿರುವ ಒಂದು ಇಂಗ್ಲಿಷ್ ಶಬ್ದವನ್ನು ಇಂದಿನ ಉಪನ್ಯಾಸಕ್ಕೆ ವಸ್ತುವಾಗಿ ತೆಗೆದುಕೊಂಡಿದ್ದೇನೆ. ಅದು ‘ಕ್ರಾಸ್’ ಎಂಬ ಶಬ್ದ. ನಮ್ಮ ನಾಲಗೆಯಲ್ಲಿ ‘ಕ್ರಾಸು’.

ಪರಭಾಷೆಯ ಶಬ್ದವೊಂದು ನಮ್ಮ ನುಡಿಯಲ್ಲಿ ನೆಲೆಯೂರಿದಾಗ ಅದನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ನುಡಿಯ ಶುದ್ಧಿಗೆ ಕುಂದು ಬಂದಿತೆಂದು ವ್ಯಸನಪಡುವುದು ಒಂದು. ಕಾಲಧರ್ಮವೆಂದು ಕೈಚೆಲ್ಲಿ ಕೂಡುವುದು ಇನ್ನೊಂದು. ಈ ಎರಡರಲ್ಲಿಯೂ ಒಂದು ಪ್ರಶ್ನೆ ಕೇಳಲ್ಪಡದೆ ಉಳಿಯುತ್ತದೆ. ಆ ಶಬ್ದವು ಬಂದು ಕುಳಿತ ಪೀಠದಲ್ಲಿ ಅದಕ್ಕೆ ಮೊದಲು ಬೇರೊಂದು ಶಬ್ದ ಕುಳಿತಿತ್ತೆ, ಅಥವಾ ಆ ಪೀಠವೇ ಹೊಸತಾಗಿ ನಿರ್ಮಿತವಾದುದೆ? ‘ಕ್ರಾಸ್’ ಶಬ್ದದ ವಿಷಯದಲ್ಲಿ ಪೀಠವೇ ಹೊಸತು ಎಂಬುದು ನನ್ನ ಅಭಿಮತ. ದೇವರ ಹೆಸರಿಲ್ಲದ, ಕಸುಬಿನ ಹೆಸರಿಲ್ಲದ, ಕುಲದ ಹೆಸರಿಲ್ಲದ, ಎಣಿಕೆಯೊಂದೇ ಗುರುತಾಗಿರುವ ಬೀದಿಯೆಂಬುದು ಬೆಂಗಳೂರಿಗೆ ಸುಮಾರು 130 ವರ್ಷಗಳ ಹಿಂದೆ ಬಂದಿತು. ಅಂಥ ಬೀದಿಯ ಜೊತೆಯಲ್ಲಿಯೇ ಅದರ ಹೆಸರೂ ಬಂದಿತು. ಈ ಮಾತನ್ನು ಸಮರ್ಥಿಸಬೇಕಾದರೆ, ಶಬ್ದದ ಪೂರ್ವಾಶ್ರಮವನ್ನೂ ನಮ್ಮ ಬೀದಿಗಳ ಪೂರ್ವಸ್ಥಿತಿಯನ್ನೂ ಒಂದಿಷ್ಟು ನೋಡಬೇಕಾಗುತ್ತದೆ.

ಶಬ್ದದ ಪೂರ್ವಾಶ್ರಮ

ಇದರ ಮೂಲ ಲ್ಯಾಟಿನ್ ಭಾಷೆಯ ‘ಕ್ರುಕ್ಸ್’. ರೋಮನ್ನರ ರಾಜ್ಯದಲ್ಲಿ ಅದು ಗುಲಾಮರನ್ನೂ ದಂಗೆಕೋರರನ್ನೂ ಏರಿಸಿ ಕೊಲ್ಲುತ್ತಿದ್ದ ವಧಸ್ತಂಭದ ಹೆಸರಾಗಿದ್ದು, ಕ್ರೈಸ್ತಮತವು ಪ್ರಬಲಿಸಿದ ಮೇಲೆ, ಅವಮಾನದ ಸಂಕೇತವಾಗಿದ್ದ ಆ ಮರವೇ ಪೂಜ್ಯಚಿಹ್ನೆಯಾಗಿ ಪರಿಣಮಿಸಿತು. ಲ್ಯಾಟಿನ್ನಿನಿಂದ ಐರ್ಲೆಂಡಿನ ಭಾಷೆಗೆ, ಅಲ್ಲಿಂದ ಸಮುದ್ರಸಂಚಾರಿಗಳಾದ ನಾರ್ಸ್ ಜನರ ಬಾಯಿಗೆ, ಅವರು ನೆಲೆಸಿದ ಉತ್ತರ ಇಂಗ್ಲೆಂಡಿಗೆ, ಹೀಗೆ ಬಳಸುದಾರಿಯಲ್ಲಿ ಬಂದ ಈ ಶಬ್ದ ಸುಮಾರು 10ನೆಯ ಶತಮಾನದಲ್ಲಿ ಇಂಗ್ಲಿಷಿನೊಳಗೆ ಕಾಲಿಟ್ಟಿತು. ಅದಕ್ಕೆ ಮುಂಚೆ ಅದೇ ಅರ್ಥದಲ್ಲಿ ‘ರೂಡ್’ ಎಂಬ ಅಚ್ಚ ಇಂಗ್ಲಿಷ್ ಶಬ್ದವಿತ್ತು. ಬಂದವನು ಮನೆಯೊಡೆಯನಾದನು, ಮನೆಯೊಡೆಯನು ಹಳೆಯ ಇಗರ್ಜಿಗಳ ಶಿಲ್ಪವಿವರಣೆಯಲ್ಲಿ ಮಾತ್ರ ಉಳಿದುಕೊಂಡನು. ನಮ್ಮಲ್ಲಿ ‘ಕ್ರಾಸ್’ ಇಂಗ್ಲಿಷ್ ಶಬ್ದವೆಂದು ಗೊಣಗುವವರು, ಇಂಗ್ಲಿಷಿನಲ್ಲಿಯೂ ಅದು ಒಂದು ಕಾಲದಲ್ಲಿ ಪರದೇಶಿಯೇ ಆಗಿತ್ತೆಂಬುದನ್ನು ನೆನೆಯಬಹುದು.

ಇಂಗ್ಲೆಂಡಿನ ಪಟ್ಟಣಗಳಲ್ಲಿ ಸಂತೆ ಕೂಡುವ ಬಯಲಿನ ನಡುವೆ ಕಲ್ಲಿನ ಶಿಲುಬೆಯನ್ನು ನಿಲ್ಲಿಸುವ ವಾಡಿಕೆಯಿತ್ತು. ಸಂತೆ ಕೂಡುತ್ತಿದ್ದುದು ಸಾಮಾನ್ಯವಾಗಿ ದಾರಿಗಳು ಸೇರುವ ಎಡೆಯಲ್ಲಿಯೇ ಆದುದರಿಂದ, ಚಿಹ್ನೆಯ ಹೆಸರು ಕಾಲಕ್ರಮದಲ್ಲಿ ಸ್ಥಳಕ್ಕೆ ಅಂಟಿಕೊಂಡಿತು. 1290ರಲ್ಲಿ ತೀರಿಕೊಂಡ ರಾಣಿ ಎಲಿನೋರಳ ಪಾರ್ಥಿವ ಶರೀರವು ಲಂಡನ್ನಿಗೆ ಬರುವ ದಾರಿಯಲ್ಲಿ ರಾತ್ರಿ ತಂಗಿದ ಎಡೆಗಳಲ್ಲಿ ಆಕೆಯ ಪತಿ ಒಂದನೆಯ ಎಡ್ವರ್ಡ್ ದೊರೆ 12 ಶಿಲುಬೆಗಳನ್ನು ಕಟ್ಟಿಸಿದನು. ಅವುಗಳಲ್ಲಿ ಕಡೆಯದು ನಿಂತ ಸ್ಥಳವೇ ‘ಚೇರಿಂಗ್ ಕ್ರಾಸ್’. 1647ರಲ್ಲಿ ಆ ಕಲ್ಲನ್ನು ಕೆಡವಿದರು. ಹೆಸರನ್ನು ಮಾತ್ರ ಯಾರಿಂದಲೂ ಕೆಡವಲಾಗಲಿಲ್ಲ. ನೀಲಗಿರಿಯ ಉದಕಮಂಡಲದಲ್ಲಿ ಇಂದಿಗೂ ಒಂದು ಚೇರಿಂಗ್ ಕ್ರಾಸ್ ಉಂಟು. ಎಲಿನೋರಳ ಹೆಸರನ್ನೇ ಕೇಳದ ಜನ ಅಲ್ಲಿ ಬಸ್ಸು ಇಳಿಯುತ್ತಾರೆ.

ಚಿಹ್ನೆಯಿಂದ ಆಕಾರಕ್ಕೆ, ಆಕಾರದಿಂದ ಚಲನೆಗೆ ಅರ್ಥವು ಹಬ್ಬಿದುದು ಇದರ ಮುಂದಿನ ಕಥೆ. ಒಂದನ್ನೊಂದು ಕತ್ತರಿಸುವ ಗೆರೆಗಳೆರಡೂ ‘ಕ್ರಾಸ್’. ಹೊಳೆಯನ್ನೋ ಬೀದಿಯನ್ನೋ ದಾಟುವುದು ‘ಕ್ರಾಸ್’. ಎದುರು ಬೀಸುವ ಗಾಳಿ ‘ಕ್ರಾಸ್’. ಕಡೆಗೆ, ಎದುರು ಮಾತನಾಡುವ ಸಿಡುಕು ಸ್ವಭಾವದ ಮನುಷ್ಯನೂ ‘ಕ್ರಾಸ್’. ಒಂದು ಬೀದಿಯನ್ನು ಅಡ್ಡಲಾಗಿ ಹಾಯುವ ಇನ್ನೊಂದು ಬೀದಿಯನ್ನು ‘ಕ್ರಾಸ್ ಸ್ಟ್ರೀಟ್’ ಎಂದು ಕರೆಯುವುದೂ ಇಂಗ್ಲಿಷಿನಲ್ಲಿ ಹಳೆಯ ರೂಢಿಯೇ. ಆದರೆ ಅಲ್ಲಿ ‘ಕ್ರಾಸ್’ ವಿಶೇಷಣವಾಗಿ ಮುಂದೆ ನಿಲ್ಲತಕ್ಕದ್ದು. ‘ಸ್ಟ್ರೀಟ್’ ಎಂಬ ವಿಶೇಷ್ಯವಿಲ್ಲದೆ ತಾನೊಂದೇ ನಿಂತು ಬೀದಿಯೆಂಬ ಅರ್ಥವನ್ನು ಹೊರುವ ಶಕ್ತಿ ಅದಕ್ಕೆ ಅಲ್ಲಿ ಲಭಿಸಲಿಲ್ಲ. ಆ ಶಕ್ತಿ ಲಭಿಸಿದುದು ನಮ್ಮೂರಿನಲ್ಲಿ.

ಬೀದಿ, ಕೇರಿ, ಅಡ್ಡ

ಬೀದಿಗಳನ್ನು ಹೆಸರಿಸುವ ಮಾತುಗಳಿಗೆ ಕನ್ನಡದಲ್ಲಿ ಬಡತನವಿರಲಿಲ್ಲ. ಸಂಸ್ಕೃತದ ‘ವೀಥಿ’ ತದ್ಭವವಾಗಿ ‘ಬೀದಿ’ಯಾಯಿತು, ದೇವಾಲಯದ ಸುತ್ತಣ ಬೀದಿ ರಥಬೀದಿಯಾಯಿತು. ಕುಲವೋ ಕಸುಬೋ ಒಂದಾಗಿದ್ದವರು ಒಟ್ಟಿಗೆ ವಾಸಿಸಿದ ಎಡೆ ಕೇರಿ, ಬ್ರಾಹ್ಮಣರಿಗೆ ದತ್ತವಾದುದು ಅಗ್ರಹಾರ, ಹುಬ್ಬಳ್ಳಿ ಧಾರವಾಡಗಳ ಕಡೆ ಓಣಿ, ಇಕ್ಕಟ್ಟಾದರೆ ಗಲ್ಲಿ, ಇನ್ನೂ ಇಕ್ಕಟ್ಟಾದರೆ ಸಂದಿ. ಶಾಸ್ತ್ರಗ್ರಂಥಗಳಿಗೂ ಈ ವಿಷಯ ಹೊಸದಲ್ಲ. ಪೂರ್ವಪಶ್ಚಿಮವಾಗಿ ಮೂರು, ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳಿಂದ ದುರ್ಗದ ಒಳಗಣ ನೆಲವನ್ನು ವಿಭಾಗಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಗೆರೆ ಹಿಡಿದಂತೆ ನೇರವಾದ ಬೀದಿಗಳು ಒಂದನ್ನೊಂದು ಸಮಕೋನದಲ್ಲಿ ಕತ್ತರಿಸುವ ಪಟ್ಟಣವಿನ್ಯಾಸವು ಪಾಶ್ಚಾತ್ಯರಿಂದಲೇ ನಮಗೆ ಬಂದಿತೆಂಬ ಭಾವನೆಗೆ ಆದುದರಿಂದ ಆಧಾರವಿಲ್ಲ.

ಬೀದಿಗಳು ಕೂಡುವ ಎಡೆಗೂ ಚತುಷ್ಪಥ, ಚೌಕ, ನಾಲ್ಕು ದಾರಿ, ಕೂಡುದಾರಿ ಎಂಬ ಹೆಸರುಗಳಿದ್ದುವು. ಆ ಎಡೆಯನ್ನು ಕುರಿತು ಜನಮನದಲ್ಲಿ ಒಂದು ಅಳುಕೂ ಇತ್ತು. ದೃಷ್ಟಿ ತೆಗೆದ ನಿಂಬೆಹಣ್ಣನ್ನು ಮೂರು ದಾರಿ ಕೂಡುವಲ್ಲಿ ಎಸೆದು ಹಿಂದಿರುಗಿ ನೋಡದೆ ಬರುವ ವಾಡಿಕೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿಯೂ ಆತ್ಮಹತ್ಯೆ ಮಾಡಿಕೊಂಡವರನ್ನು ಊರಾಚೆಯ ಕೂಡುದಾರಿಯಲ್ಲಿ ಹೂಳುವ ಕ್ರೂರಪದ್ಧತಿಯಿದ್ದು, 1823ರ ಒಂದು ಶಾಸನದಿಂದ ಅದು ನಿಂತುಹೋಯಿತು. ಯಾವ ದಾರಿಗೂ ಪೂರ್ತಿಯಾಗಿ ಸೇರದ ನೆಲವೆಂದು ಎರಡು ಜನಾಂಗಗಳೂ ಕೂಡುದಾರಿಯನ್ನು ಭಾವಿಸಿದಂತೆ ತೋರುತ್ತದೆ.

‘ಕ್ರಾಸ್’ ಎಂಬುದಕ್ಕೆ ಕನ್ನಡದಲ್ಲಿ ಸಮೀಪವಾಗಿ ನಿಲ್ಲತಕ್ಕ ಮಾತು ‘ಅಡ್ಡ’. ಇದರ ಸಂಸಾರ ಬಹಳ ದೊಡ್ಡದು. ಅಡ್ಡಗೋಡೆ, ಅಡ್ಡಗಟ್ಟು, ಅಡ್ಡಿ ಎಂಬಲ್ಲಿ ತಡೆಯ ಭಾವವಿದೆ. ಅಡ್ಡಕಸುಬಿ, ಅಡ್ಡಮಾತು, ಅಡ್ಡದಾರಿ ಎಂಬಲ್ಲಿ ನಿಂದೆಯ ಭಾವವಿದೆ. ಅಡ್ಡಬೀಳುವುದು ಎಂಬಲ್ಲಿ ಭಕ್ತಿಯಿದೆ. ಮಠಾಧಿಪತಿಗಳಿಗೆ ಸಲ್ಲುವ ಅಡ್ಡಪಲ್ಲಕ್ಕಿಯೆಂಬಲ್ಲಿ ಪರಮಗೌರವವೇ ಇದೆ. ಇಂಗ್ಲಿಷಿನ ಶಬ್ದದಲ್ಲಿ ದಾಟುವಿಕೆಯಿಂದ ವಿರೋಧಕ್ಕೂ ವಿರೋಧದಿಂದ ಕೋಪಕ್ಕೂ ಹೇಗೆ ಅರ್ಥ ಜಾರಿತೋ, ನಮ್ಮ ‘ಅಡ್ಡ’ದಲ್ಲಿಯೂ ಹಾಗೆಯೇ ಜಾರಿದೆ, ಎರಡೂ ಭಾಷೆಗಳ ಮನಸ್ಸು ಇಲ್ಲಿ ಒಂದೇ ಜಾಡಿನಲ್ಲಿ ಹರಿದಿದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಇಂಗ್ಲಿಷ್ ಶಬ್ದದ ಪ್ರಧಾನಾರ್ಥವಾದ ಧರ್ಮಚಿಹ್ನೆಗೆ ಕನ್ನಡದಲ್ಲಿ ‘ಶಿಲುಬೆ’ ಎಂಬ ಮಾತು ನೆಲೆಸಿದೆ. ಇದರ ಮೂಲ ಪೂರ್ವದೇಶದ ಕ್ರೈಸ್ತರ ಸಿರಿಯಾಕ್ ಭಾಷೆ. ತಮಿಳಿನ ‘ಸಿಲುವೈ’ ಇದರ ಸಹೋದರಿ. ಮತದ ಭಾರವನ್ನು ಶಿಲುಬೆ ಹೊತ್ತುಕೊಂಡುದರಿಂದ, ‘ಕ್ರಾಸ್’ ನಮ್ಮಲ್ಲಿ ಆ ಹೊಣೆಯಿಂದ ಬಿಡುಗಡೆ ಹೊಂದಿ ಲೌಕಿಕವ್ಯವಹಾರಕ್ಕೆ ಸ್ವತಂತ್ರವಾಗಿ ದೊರೆಯಿತು. ಮಲ್ಲೇಶ್ವರದ ಅಜ್ಜಿಯೊಬ್ಬರು ಹದಿನೈದನೇ ಕ್ರಾಸಿನ ಗಣಪತಿಯ ಗುಡಿಗೆ ಹೋಗಿಬಂದೆನೆಂದು ಹೇಳುವಾಗ ಆ ವಾಕ್ಯದಲ್ಲಿ ಎರಡು ಮತಗಳ ಸಂಗಮವಾಯಿತೆಂದು ಆಕೆಗಾಗಲಿ ಕೇಳುವವರಿಗಾಗಲಿ ಹೊಳೆಯುವುದೇ ಇಲ್ಲ.

ಪೇಟೆಯ ವ್ಯೂಹ

ಈಗ ನಾವು ಕುಳಿತಿರುವ ಸ್ಥಳವಾದ ಚಿಕ್ಕಪೇಟೆಗೆ ಬರೋಣ. ಕೆಂಪೇಗೌಡನು 1537ರಲ್ಲಿ ಪಟ್ಟಣವನ್ನು ಕಟ್ಟಲು ತೊಡಗಿದಾಗ, ಸುಮುಹೂರ್ತದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲುಗಳನ್ನು ಹೂಡಿಸಿ ಹೊರಡಿಸಿದನೆಂದೂ, ಆ ನೇಗಿಲಸಾಲುಗಳೇ ಬೀದಿಗಳಾದುವೆಂದೂ ಐತಿಹ್ಯ. ನೇಗಿಲುಗಳು ಹೊರಟ ಎಡೆ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕ. ಉತ್ತರದ ಯಲಹಂಕ ಬಾಗಿಲಿನಿಂದ ದಕ್ಷಿಣದ ಕೋಟೆಯ ಕಡೆಗೆ ದೊಡ್ಡಪೇಟೆ. ಪೂರ್ವದ ಹಲಸೂರು ಬಾಗಿಲಿನಿಂದ ಪಶ್ಚಿಮದ ಸೊಂಡೆಕೊಪ್ಪದ ಬಾಗಿಲಿನ ಕಡೆಗೆ ಚಿಕ್ಕಪೇಟೆ. ಇಂದಿನ ಮಾತಿನಲ್ಲಿ ಹೇಳಬೇಕಾದರೆ ದೊಡ್ಡಪೇಟೆಯೇ ‘ಮೇನ್’, ಚಿಕ್ಕಪೇಟೆಯೇ ‘ಕ್ರಾಸ್’. ಬೆಂಗಳೂರಿನ ಪ್ರಪ್ರಥಮ ಅಡ್ಡರಸ್ತೆಯಲ್ಲಿ ಕುಳಿತು ಅಡ್ಡರಸ್ತೆಯ ವಿಚಾರವನ್ನು ಮಾತನಾಡುವ ಯೋಗ ನಮಗೆ ಈ ಸಂಜೆ ಒದಗಿದೆ.

ಆದರೂ ಯಾರೂ ಇದನ್ನು ಮೊದಲನೆಯ ಅಡ್ಡಬೀದಿಯೆಂದು ಕರೆಯಲಿಲ್ಲವಷ್ಟೆ. ಹಳೆಯ ಪೇಟೆಯಲ್ಲಿ ಬೀದಿಗೆ ಹೆಸರು ಬರುತ್ತಿದ್ದುದು ಅಲ್ಲಿ ಮಾರುವ ವಸ್ತುವಿನಿಂದ, ಮಾಡುವ ಕಸುಬಿನಿಂದ, ಇರುವ ಜನರಿಂದ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ ಎಂಬಲ್ಲಿ ಸರಕು ಮಾತನಾಡುತ್ತದೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಗೊಲ್ಲರಪೇಟೆ, ತಿಗಳರಪೇಟೆ, ನಗರ್ತಪೇಟೆ ಎಂಬಲ್ಲಿ ಜನ ಮಾತನಾಡುತ್ತಾರೆ. ವಿಳಾಸವನ್ನು ಹೇಳಿದರೆ ಸಾಕು, ಮನುಷ್ಯನ ಕಸುಬು, ಕುಲ, ಒಕ್ಕಲುತನಗಳೆಲ್ಲ ಅದರೊಡನೆಯೇ ತಿಳಿದುಬರುತ್ತಿದ್ದುವು. ಊರು ಸಣ್ಣದಾಗಿದ್ದು ಒಬ್ಬರನ್ನೊಬ್ಬರು ಬಲ್ಲವರಾಗಿದ್ದ ಕಾಲಕ್ಕೆ ಇದು ಸೌಕರ್ಯವೇ ಸರಿ. ಅದರೊಳಗಿನ ಕಟ್ಟನ್ನು ಮಾತ್ರ ಅಲ್ಲಿ ಹುಟ್ಟಿದವರು ಬಿಚ್ಚುವಂತಿರಲಿಲ್ಲ. ಇಂಗ್ಲಿಷರ ಕಾಲದಲ್ಲಿ ದೊಡ್ಡಪೇಟೆಗೆ ‘ಅವೆನ್ಯೂ ರಸ್ತೆ’ಯೆಂಬ ಹೆಸರು ಬಂದಿತು. ಇಕ್ಕೆಲದಲ್ಲಿಯೂ ಮರಗಳ ಸಾಲುಳ್ಳ ದಾರಿಗೆ ಹೇಳತಕ್ಕ ಮಾತು ಅದು. ಪುಸ್ತಕದ ಅಂಗಡಿಗಳ ಸಾಲನ್ನುಳಿದು ಬೇರೆ ಸಾಲು ಅಲ್ಲಿ ಕಾಣಸಿಗದಿದ್ದರೂ ಹೆಸರು ಉಳಿದಿದೆ.

ಎಣಿಕೆಯ ಬೀದಿ

1892ರಲ್ಲಿ ಚಾಮರಾಜಪೇಟೆಯ ರಚನೆಯೊಂದಿಗೆ ಬೆಂಗಳೂರಿನ ಬದುಕಿನಲ್ಲಿ ಹೊಸ ಅಧ್ಯಾಯ ತೆರೆಯಿತು. ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಹೆಸರಿನ ಕೊನೆಗೆ ‘ಪೇಟೆ’ ಉಳಿಯಿತಾದರೂ ಒಳಗಿನ ಬೀದಿಗಳು ಪೇಟೆಯ ಬೀದಿಗಳಾಗಲಿಲ್ಲ. ಅವು ಅಳತೆಗೋಲು ಹಿಡಿದು ಎಳೆದ ಗೆರೆಗಳಾದುವು. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಾಗ, ಗಾಳಿ ಬೆಳಕಿಲ್ಲದ ಮನೆಗಳು ಒತ್ತೊತ್ತಾಗಿ ನಿಂತಿದ್ದ ಈ ಹಳೆಯ ಪೇಟೆಯೇ ಅದರ ಮುಖ್ಯ ರಂಗಭೂಮಿಯಾಯಿತು. ಜನ ಮನೆಗಳಿಗೆ ಬೀಗ ಹಾಕಿ ಬಯಲಿನ ಗುಡಿಸಲುಗಳಿಗೆ ಹೋದರು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಆ ಕಾಲದಲ್ಲಿ ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನಿಯುಕ್ತರಾದರು; ಬಸವನಗುಡಿ, ಮಲ್ಲೇಶ್ವರಗಳೆಂಬ ಎರಡು ಬಡಾವಣೆಗಳು ಊರಿನ ದಕ್ಷಿಣಕ್ಕೂ ಉತ್ತರಕ್ಕೂ ಮೈದಾಳಿದುವು. ಆ ಭೀತಿಯ ಕಾಲದಲ್ಲಿ ಇಂಗ್ಲಿಷಿನ ರೋಗನಾಮಕ್ಕೂ ಕನ್ನಡದ ಪ್ರತ್ಯಯ ಸೇರಿ, ನಗರದ ಕೆಲವೆಡೆ ಪ್ಲೇಗಮ್ಮನೆಂಬ ದೇವಿಗೆ ಗುಡಿ ಕಟ್ಟಿದುದುಂಟು. ಪರಭಾಷೆಯ ಶಬ್ದವನ್ನು ತನ್ನದಾಗಿಸಿಕೊಳ್ಳುವ ವಿಷಯದಲ್ಲಿ ನಮ್ಮ ಜನ ಎಷ್ಟು ನಿರ್ಭಯರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಈ ಬಡಾವಣೆಗಳ ಹೆಸರು ಹಳೆಯ ರೀತಿಯದು: ಒಂದಕ್ಕೆ ದೊಡ್ಡ ಬಸವಣ್ಣನ ಗುಡಿ ಆಧಾರ, ಇನ್ನೊಂದಕ್ಕೆ ಕಾಡು ಮಲ್ಲೇಶ್ವರನ ಸನ್ನಿಧಿ. ಮರಾಠ ನಾಯಕ ಏಕೋಜಿಯ 1669ರ ಶಾಸನದಲ್ಲಿ ಮಲ್ಲಪುರವೆಂದು ಕಾಣುವ ಸ್ಥಳವೇ ಮುಂದೆ ಮಲ್ಲೇಶ್ವರವೆನಿಸಿತು. ಆದರೆ ಊರಿಗೆ ದೇವರ ಹೆಸರು ದೊರೆತ ಮೇಲೆ ಒಳಗಿನ ಪ್ರತಿಯೊಂದು ಬೀದಿಗೂ ಹೆಸರು ಹುಡುಕುವುದು ಹೇಗೆ? ಅಲ್ಲಿ ಕುಂಬಾರರಿಲ್ಲ, ಗಾಣಿಗರಿಲ್ಲ, ಅಕ್ಕಿಯ ಮಂಡಿಯಿಲ್ಲ. ಇನ್ನೂ ಮನೆಗಳೇ ಎದ್ದಿಲ್ಲ. ಜನ ಬರುವುದಕ್ಕೆ ಮುಂಚೆಯೇ ಬೀದಿ ಬಂದಿತು. ಬೀದಿಗೆ ಚರಿತ್ರೆಯುಂಟಾಗುವುದಕ್ಕೆ ಮುಂಚೆಯೇ ಅದಕ್ಕೆ ಹೆಸರು ಬೇಕಾಯಿತು. ಕಾಗದದ ಮೇಲೆ ನಕ್ಷೆಯನ್ನು ಎಳೆಯುವವನಿಗೆ ಆಗ ದೊರೆಯುವ ಸುಲಭೋಪಾಯ ಎಣಿಕೆಯೊಂದೇ. 1682ರಲ್ಲಿ ವಿಲಿಯಂ ಪೆನ್ನನ ಫಿಲಡೆಲ್ಫಿಯಾ ನಗರಕ್ಕೆ ನಕ್ಷೆ ಬರೆದವರೂ, 1811ರಲ್ಲಿ ನ್ಯೂಯಾರ್ಕಿನ ಖಾಲಿ ನೆಲದ ಮೇಲೆ 155ರವರೆಗೆ ಬೀದಿಗಳನ್ನು ಎಣಿಸಿದವರೂ ಇದೇ ದಾರಿಯನ್ನು ಹಿಡಿದಿದ್ದರು.

ಮಲ್ಲೇಶ್ವರದಲ್ಲಿ ಉದ್ದಕ್ಕೆ, ಅಂದರೆ ದಕ್ಷಿಣೋತ್ತರವಾಗಿ, ಹರಿಯುವ ಹೆದ್ದಾರಿಗಳಿಗೆ ಮರಗಳ ಹೆಸರು ದೊರೆಯಿತು: ಒಂದು ಸಂಪಿಗೆ, ಇನ್ನೊಂದು ಮಾರ್ಗೋಸಾ, ಎಂದರೆ ಬೇವು. ಈ ಮಾರ್ಗೋಸಾ ಕೂಡ ‘ಕಹಿ’ಯೆಂಬ ಅರ್ಥದ ಪೋರ್ಚುಗೀಸ್ ಶಬ್ದದಿಂದ ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮೂರಿನ ಬೀದಿಗೆ ಇಳಿದದ್ದು. ಇವನ್ನು ಪೂರ್ವಪಶ್ಚಿಮವಾಗಿ ಕತ್ತರಿಸುವ ಬೀದಿಗಳು ಊರ ಕಡೆಯಿಂದ ಆರಂಭವಾಗಿ ಉತ್ತರಕ್ಕೆ ಒಂದನೆಯದು, ಎರಡನೆಯದು ಎಂದು ಎಣಿಸಲ್ಪಟ್ಟು ಹದಿನೆಂಟನೆಯದರಷ್ಟು ದೂರ ಹೋದುವು. ಚಾಮರಾಜಪೇಟೆಯಲ್ಲಿ ಉದ್ದದ ಬೀದಿ ಅಡ್ಡದ ಬೀದಿಗಳೆರಡಕ್ಕೂ ಎಣಿಕೆಯೇ ಹೆಸರಾಯಿತು.

ವಿಶೇಷಣವು ವಿಶೇಷ್ಯವಾದ ಬಗೆ

ನಕ್ಷೆಯಲ್ಲಿ ಇದ್ದುದು ‘ಕ್ರಾಸ್ ರೋಡ್’, ‘ಮೇನ್ ರೋಡ್’. ನಮ್ಮ ಜನ ಎರಡರಿಂದಲೂ ‘ರೋಡ್’ ಎಂಬುದನ್ನು ಕಿತ್ತುಹಾಕಿ, ವಿಶೇಷಣಗಳಾಗಿದ್ದ ‘ಕ್ರಾಸ್’, ‘ಮೇನ್’ ಎಂಬುವನ್ನು ನಾಮಪದಗಳನ್ನಾಗಿ ಮಾಡಿ, ಅವುಗಳ ಕೊನೆಗೆ ಕನ್ನಡದ ಉಕಾರವನ್ನು ಸೇರಿಸಿ, ವಿಭಕ್ತಿಗಳ ದೀಕ್ಷೆಯನ್ನೂ ಕೊಟ್ಟುಬಿಟ್ಟರು: ಕ್ರಾಸು, ಕ್ರಾಸನ್ನು, ಕ್ರಾಸಿನಿಂದ, ಕ್ರಾಸಿಗೆ, ಕ್ರಾಸಿನಲ್ಲಿ. “ಎಲ್ಲಾಯ್ತು ಸ್ವಾಮಿ, ತಮ್ಮ ಮನೆ?” ಎಂದರೆ “ನಾಲ್ಕನೇ ಮೇನು, ಏಳನೇ ಕ್ರಾಸು” ಎಂಬ ಉತ್ತರ. ಇಂಗ್ಲೆಂಡಿನಿಂದ ಬಂದ ಪ್ರವಾಸಿಯೊಬ್ಬನಿಗೆ ಇದರ ಒಂದೊಂದು ಶಬ್ದವೂ ಪರಿಚಿತವಾಗಿಯೇ ತೋರಬಹುದು. ಒಟ್ಟು ವಾಕ್ಯ ಮಾತ್ರ ಅವನಿಗೆ ಅರ್ಥವಾಗದು. ಶಿಲುಬೆಯಲ್ಲ, ಕೂಡುದಾರಿಯಲ್ಲ, ದಾಟುವುದಲ್ಲ. ಬಾಗಿಲು, ಕಿಟಕಿ, ರಂಗೋಲಿ, ತೆಂಗಿನಮರಗಳ ಸಮೇತ ಮನುಷ್ಯರು ವಾಸಮಾಡುವ ಬೀದಿ ಎಂಬ ಅರ್ಥವನ್ನು ಆ ಶಬ್ದಕ್ಕೆ ಕೊಟ್ಟವರು ಬೆಂಗಳೂರಿಗರು.

‘ಅಡ್ಡರಸ್ತೆ’ಯೆಂಬ ಮಾತು ಸಿದ್ಧವಾಗಿರುವಾಗ ‘ಕ್ರಾಸ್’ ಏಕೆ ಗೆದ್ದಿತು? ನಗರಸಭೆಯ ಫಲಕಗಳಲ್ಲಿ ಅಡ್ಡರಸ್ತೆ, ಮುಖ್ಯರಸ್ತೆ ಎಂದೇ ಬರೆದಿರುತ್ತದೆ. ಓದುವವರು ಕಣ್ಣಿನಿಂದ ಅದನ್ನು ಓದಿ ಬಾಯಿಯಿಂದ ಕ್ರಾಸೆನ್ನುತ್ತಾರೆ. ಇದನ್ನು ಕೇವಲ ಇಂಗ್ಲಿಷಿನ ವ್ಯಾಮೋಹವೆಂದು ತಳ್ಳಿಹಾಕುವುದು ಸುಲಭ. ನನ್ನ ಊಹೆ ಬೇರೆ. ‘ಅಡ್ಡ’ ಎಂಬುದು ನಮ್ಮ ಮನಸ್ಸಿನಲ್ಲಿ ತುಂಬ ಕೆಲಸಗಳನ್ನು ಹೊತ್ತಿರುವ ಮಾತು. ಅಡ್ಡದಾರಿ ಹಿಡಿದವನು, ಅಡ್ಡಬಂದವನು, ಅಡ್ಡಕಸುಬಿ ಎಂಬ ನೆಂಟರೆಲ್ಲ ಅದರ ಹಿಂದೆಯೇ ಬರುತ್ತಾರೆ. ಮನೆಯ ವಿಳಾಸಕ್ಕೆ ಬೇಕಾದುದು ಭಾವವಿಲ್ಲದ, ನಿಂದೆ ಸ್ತುತಿಗಳಿಲ್ಲದ, ಸಂಖ್ಯೆಯಷ್ಟೇ ತಟಸ್ಥವಾದ ಮಾತು. ಪರಭಾಷೆಯಿಂದ ಬಂದುದೆಂಬ ಕಾರಣದಿಂದಲೇ ‘ಕ್ರಾಸ್’ ಆ ತಾಟಸ್ಥ್ಯವನ್ನು ಕೊಟ್ಟಿತು.

ಸ್ವಾರಸ್ಯವಿರುವುದು ಇದಾದ ಮೇಲೆ. ತಟಸ್ಥವಾದ ಎಣಿಕೆಯೂ ಬೆಂಗಳೂರಿಗರ ಬಾಯಿಯಲ್ಲಿ ಬಹುಕಾಲ ತಟಸ್ಥವಾಗಿ ಉಳಿಯಲಿಲ್ಲ. ಮಲ್ಲೇಶ್ವರದವರಿಗೆ ‘ಎಂಟನೇ ಕ್ರಾಸು’ ಏಳರ ನಂತರದ, ಒಂಬತ್ತಕ್ಕೆ ಹಿಂದಿನ ಬೀದಿಯಲ್ಲ. ಹೂವು, ಹಣ್ಣು, ಬಳೆ, ಬಟ್ಟೆ, ಗೌರಿಹಬ್ಬದ ಹಿಂದಿನ ದಿನದ ನೂಕುನುಗ್ಗಲು ಎಲ್ಲವೂ ಸೇರಿ ಎಂಟನೇ ಕ್ರಾಸು. ‘ಹದಿನೆಂಟನೇ ಕ್ರಾಸು’ ಎಂದರೆ ಬಸ್ಸು ಕಾಯುವ ಎಡೆ, ಮಕ್ಕಳು ಆಡುವ ಮೈದಾನ. ಹೆಸರಿಲ್ಲದುದಕ್ಕೆ ಕೊಟ್ಟ ಸಂಖ್ಯೆಯೇ ಹೆಸರಾಗಿ, ಆ ಹೆಸರಿಗೆ ಮುಖಚಹರೆ ಬಂದಿತು. ಮುಂದೆ ಜಯನಗರ, ರಾಜಾಜಿನಗರಗಳು ನಿರ್ಮಿತವಾಗಿ, 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡೂ 1976ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವೂ ಬಡಾವಣೆಗಳನ್ನು ಬೆಳೆಸುತ್ತ ಹೋದಂತೆ, ಬ್ಲಾಕ್, ಸ್ಟೇಜ್, ಫೇಸ್, ಸೆಕ್ಟರ್ ಎಂಬ ಇತರ ಶಬ್ದಗಳೂ ಸೇರಿಕೊಂಡವು. ಎಣಿಕೆ ಸಾಲದಾದಾಗ ‘ಎ’ ಕ್ರಾಸು, ‘ಬಿ’ ಕ್ರಾಸುಗಳೂ ಹುಟ್ಟಿದುವು. ಮೂಲಸೂತ್ರ ಮಾತ್ರ 1892ರದೇ.

ನಗರದಿಂದಾಚೆ

ಬೆಂಗಳೂರನ್ನು ಬಿಟ್ಟು ಹೆದ್ದಾರಿ ಹಿಡಿದರೆ ಅದೇ ಶಬ್ದಕ್ಕೆ ಬೇರೆ ಅರ್ಥ. ತುಮಕೂರು ಜಿಲ್ಲೆಯ ಕಿಬ್ಬನಹಳ್ಳಿ ಕ್ರಾಸ್, ಅಂದರೆ ಬಸ್ಸಿನವರ ಕೆ.ಬಿ. ಕ್ರಾಸ್, ಮಂಡ್ಯ ಜಿಲ್ಲೆಯ ಬೆಳ್ಳೂರು ಕ್ರಾಸ್ ಎಂಬಲ್ಲೆಲ್ಲ ‘ಕ್ರಾಸ್’ ಎಂದರೆ ಬೀದಿಯಲ್ಲ, ದಾರಿ ಒಡೆಯುವ ಎಡೆ. ಊರು ಒಳಗಿರುತ್ತದೆ, ಊರಿನ ಹೆಸರನ್ನು ಹೊತ್ತ ಕ್ರಾಸು ಹೆದ್ದಾರಿಯ ಮೇಲೆ ನಿಂತು ಕಾಫಿ ಹೋಟೆಲು, ಪಂಕ್ಚರ್ ಅಂಗಡಿ, ಎಳನೀರಿನ ರಾಶಿಗಳಿಂದ ಕಾಲಕ್ರಮೇಣ ತಾನೇ ಒಂದು ಊರಾಗುತ್ತದೆ. ಚೇರಿಂಗ್ ಕ್ರಾಸಿನಲ್ಲಿ ಕಂಡ ಹಳೆಯ ಇಂಗ್ಲಿಷ್ ಅರ್ಥಕ್ಕೆ ನಗರದ ಅರ್ಥಕ್ಕಿಂತ ಹಳ್ಳಿಯ ಅರ್ಥವೇ ಹತ್ತಿರವಾದುದು ಎಂಬುದು ಗಮನಾರ್ಹ.

ಇಲ್ಲಿ ಮಾತ್ರ ಪೀಠ ಖಾಲಿಯಿರಲಿಲ್ಲ. ದಾರಿ ಒಡೆಯುವಲ್ಲಿ ಊರುಗಳ ಹೆಸರು ಬರೆದ ಹಲಗೆಗಳನ್ನು ಕೈಗಳಂತೆ ಚಾಚಿಕೊಂಡು ನಿಂತ ಕಂಬಕ್ಕೆ ಮಲೆನಾಡಿನವರು ‘ಕೈಮರ’ವೆಂದರು, ದಕ್ಷಿಣ ಕನ್ನಡದವರು ‘ಕೈಕಂಬ’ವೆಂದರು, ಚಿಕ್ಕಮಗಳೂರಿನ ಬಳಿ ಕೈಮರ, ಗುರುಪುರದ ಬಳಿ ಕೈಕಂಬ ಎಂದು ಆ ಎಡೆಗಳಿಗೇ ಹೆಸರಾಯಿತು. ಇಂಗ್ಲೆಂಡಿನವರು ಕೂಡುದಾರಿಯಲ್ಲಿ ಶಿಲುಬೆಯನ್ನು ಕಂಡು ಹೆಸರಿಟ್ಟರೆ, ನಮ್ಮವರು ಕಂಬವನ್ನು ಕಂಡು ಹೆಸರಿಟ್ಟರು. ನಡೆದ ಮನೋವ್ಯಾಪಾರ ಒಂದೇ. ಬಂಟ್ವಾಳದ ಹತ್ತಿರ ಹೆದ್ದಾರಿಯ ಮೇಲಿನ ಪೇಟೆಗೆ ಬಿ.ಸಿ. ರೋಡ್ ಎಂದು ಹೆಸರು. ಬಿಡಿಸಿ ಹೇಳಿದರೆ ಬಂಟ್ವಾಳ ಕ್ರಾಸ್ ರೋಡ್. ಅದರ ಪಕ್ಕದಲ್ಲಿಯೇ ಒಂದು ಕೈಕಂಬವೂ ಉಂಟು. ಎರಡು ಭಾಷೆಗಳು ಒಂದೇ ವಸ್ತುವಿಗೆ ಇಟ್ಟ ಎರಡು ಹೆಸರುಗಳು ಹೀಗೆ ಜಗಳವಿಲ್ಲದೆ ನೆರೆಹೊರೆಯಾಗಿ ಬಾಳುತ್ತಿವೆ.

ಕಸುಬುಗಳ ಮಧ್ಯದಲ್ಲಿ

ಕಸುಬಿನವರಲ್ಲಿ ಈ ಶಬ್ದದ ಸಂಚಾರವನ್ನು ಸಂಕ್ಷೇಪವಾಗಿ ಸೂಚಿಸುತ್ತೇನೆ. ಚಿಕ್ಕಪೇಟೆಯಲ್ಲಿ ಕೊಂಡ ರವಿಕೆಯ ಕಣ ದರ್ಜಿಯ ಕೈಗೆ ಹೋದರೆ ‘ಕ್ರಾಸ್ ಕಟ್’ ಆಗಬೇಕೆ ಬೇಡವೆ ಎಂಬ ವಿಚಾರಣೆ ನಡೆಯುತ್ತದೆ; ಎಳೆಗೆ ಓರೆಯಾಗಿ ಕತ್ತರಿಸಿದ ಬಟ್ಟೆ ಮೈಗೆ ಒಗ್ಗಿ ಕೂಡುತ್ತದೆಂಬುದು ಅದರ ತತ್ತ್ವ. ವರ್ತಕರು ಚೆಕ್ಕನ್ನು ‘ಕ್ರಾಸ್’ ಮಾಡುತ್ತಾರೆ. 1881ರ ವರ್ಗಾವಣೀಯ ಪತ್ರಗಳ ಅಧಿನಿಯಮದ ಪ್ರಕಾರ ಎಳೆಯಬೇಕಾದ ಆ ಎರಡು ಗೆರೆಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಕಚೇರಿಯ ಕನ್ನಡದಲ್ಲಿ ‘ಪಾಟೀಸವಾಲು’ ಎಂಬ ಸೊಗಸಾದ ಮಾತಿದ್ದರೂ, ವಕೀಲರ ಗುಮಾಸ್ತನು ಕಕ್ಷಿಗಾರನಿಗೆ “ಚೀಫ್ ಆಯಿತು, ಕ್ರಾಸಿಗೆ ಇಟ್ಟಿದ್ದಾರೆ” ಎಂದೇ ಹೇಳುತ್ತಾನೆ. ಒಂದೇ ಹಳಿಯ ರೈಲುಮಾರ್ಗದಲ್ಲಿ ಪ್ರಯಾಣಮಾಡಿದವರೆಲ್ಲರಿಗೂ ಸಣ್ಣ ನಿಲ್ದಾಣದಲ್ಲಿ ಕಾಯಿಸುವ ‘ಕ್ರಾಸಿಂಗ್’ ಗೊತ್ತು. ಈ ಅರ್ಥಗಳಾವುವೂ ಒಂದರ ಮೇಲೊಂದು ಬೀಳುವುದಿಲ್ಲ. ದರ್ಜಿಯ ಕ್ರಾಸನ್ನು ವಕೀಲರ ಕ್ರಾಸೆಂದು ಯಾರೂ ಭ್ರಮಿಸಿದುದಿಲ್ಲ.

ಮುಂಬಾಗಿಲು ಮತ್ತು ಹಿಂದಣ ಓಣಿ

ಎಣಿಕೆಯ ಬೀದಿ ಕುಲದ ಗುರುತನ್ನು ಅಳಿಸಿತೆಂದು ನಾನು ಸೂಚಿಸಿದೆನಷ್ಟೆ. ಆ ಮಾತಿಗೆ ಒಂದು ಮಿತಿಯನ್ನೂ ಹೇಳದೆ ಹೋದರೆ ಚರಿತ್ರೆಗೆ ದ್ರೋಹವಾದೀತು. ಬಸವನಗುಡಿ ಮಲ್ಲೇಶ್ವರಗಳಲ್ಲಿ ಮೊದಲಿಗೆ ನಿವೇಶನಗಳನ್ನು ಹಂಚುವಾಗ, ಇಂಥ ಭಾಗ ಇಂಥ ಜಾತಿಯವರಿಗೆ, ಇಂಥ ಭಾಗ ಇಂಥ ಮತದವರಿಗೆ ಎಂಬ ವಿಭಜನೆ ಇದ್ದೇ ಇದ್ದಿತು. ಕೇರಿಯ ಹೆಸರು ಹೋಯಿತು. ಕೇರಿಯ ಕಲ್ಪನೆ ನಕ್ಷೆಯೊಳಗೆ ಉಳಿಯಿತು. ಇನ್ನೂ ಒಂದು ವಿಷಯ. ಆ ಬಡಾವಣೆಗಳಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಮನೆಗಳ ಸಾಲುಗಳ ನಡುವೆ ‘ಕನ್ಸರ್ವೆನ್ಸಿ’ ಎಂದು ಕರೆಯಲ್ಪಟ್ಟ ಕಿರುದಾರಿಗಳಿದ್ದುವು. ಒಳಚರಂಡಿ ಬರುವುದಕ್ಕೆ ಮುಂಚೆ ಮಲವನ್ನು ಹೊತ್ತು ಸಾಗಿಸುತ್ತಿದ್ದ ಜನ ಓಡಾಡಿದುದು ಅಲ್ಲಿ. ಮುಂಬಾಗಿಲಿನ ಬೀದಿಗೆ ಮೊದಲನೆಯದು, ಎರಡನೆಯದು ಎಂಬ ಮರ್ಯಾದೆ ದೊರೆತರೆ, ಹಿಂದಣ ದಾರಿಗೆ ಎಣಿಕೆಯೂ ಸಿಗಲಿಲ್ಲ. ಯಾರ ವಿಳಾಸದಲ್ಲಿಯೂ ಅದು ಸೇರಲಿಲ್ಲ. ಊರಿನ ಆರೋಗ್ಯವನ್ನು ಕಾಪಾಡಿದವರು ನಡೆದ ದಾರಿ ಊರಿನ ಎಣಿಕೆಯಿಂದ ಹೊರಗುಳಿಯಿತು.

ಆದರೂ ಬೀದಿಯ ಹೆಸರಿನಲ್ಲಿಯೇ ಕುಲವಿದ್ದಾಗ ಅದನ್ನು ದಾಟುವುದು ಎಷ್ಟು ದುಸ್ತರವೋ, ಸಂಖ್ಯೆಯ ಬೀದಿಯಲ್ಲಿ ಅಷ್ಟು ದುಸ್ತರವಲ್ಲ. ನಿವೇಶನಗಳು ಕೈ ಬದಲಾದುವು; ಬಾಡಿಗೆಗೆ ಹೊಸಬರು ಬಂದರು; ಏಳನೇ ಕ್ರಾಸಿಗೆ ಬಂದವರೆಲ್ಲರೂ ಏಳನೇ ಕ್ರಾಸಿನವರೇ ಆದರು. ಗಾಣಿಗರಪೇಟೆಯಲ್ಲಿ ಗಾಣಿಗನಲ್ಲದವನು ಮೂರು ತಲೆಮಾರು ಇದ್ದರೂ ಹೊರಗಿನವನೆನಿಸಬಹುದು, ಸಂಖ್ಯೆಗೆ ಹೊರಗಿನವನೆಂಬುದಿಲ್ಲ. ಹಂಚಿದವರ ಉದ್ದೇಶವನ್ನು ಮೀರಿ ಶಬ್ದವು ಮಾಡಿದ ಉಪಕಾರವಿದು.

ಉಪಸಂಹಾರ

ಈ ವಿಚಾರದಿಂದ ಮೂರು ಸಲಹೆಗಳು ನನಗೆ ತೋರುತ್ತವೆ. ಮೊದಲನೆಯದು ನಿಘಂಟುಕಾರರಿಗೆ. 1915ರಲ್ಲಿ ಸ್ಥಾಪಿತವಾಗಿ ಚಾಮರಾಜಪೇಟೆಯಲ್ಲಿ ನೆಲೆನಿಂತ ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳ ಮಹಾನಿಘಂಟನ್ನು ನಾಡಿಗೆ ಕೊಟ್ಟಿದೆ. ಅದರ ಸಂಪಾದಕತ್ವ ವಹಿಸಿದ್ದ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದ ಮೂಲಕ ಜನರ ಬಾಯಿಮಾತಿಗೂ ಪಾಂಡಿತ್ಯದ ಮನ್ನಣೆಯನ್ನು ದೊರಕಿಸಿದರು. ಆ ಸಂಪ್ರದಾಯವನ್ನು ಮುಂದುವರಿಸುವವರು ‘ಕ್ರಾಸ್’ ಶಬ್ದಕ್ಕೆ ಇಂಗ್ಲಿಷಿನ ಅರ್ಥಗಳನ್ನು ಅನುವಾದಿಸಿ ಕೊಡುವುದರಲ್ಲಿ ತೃಪ್ತರಾಗದೆ, ಬೆಂಗಳೂರಿನ ಬೀದಿ, ಹೆದ್ದಾರಿಯ ಕವಲು, ದರ್ಜಿಯ ಕತ್ತರಿ, ನ್ಯಾಯಾಲಯದ ಸವಾಲು ಎಂಬ ಕನ್ನಡದ ಅರ್ಥಗಳನ್ನು ಪ್ರತ್ಯೇಕವಾಗಿ, ಪ್ರಯೋಗಸಹಿತವಾಗಿ ದಾಖಲುಮಾಡಬೇಕು.

ಎರಡನೆಯದು ನಗರಾಡಳಿತಕ್ಕೆ. ಎಣಿಕೆಯ ಬೀದಿಗಳಿಗೆ ಮಹನೀಯರ ಹೆಸರಿಡುವ ಪದ್ಧತಿ ಶ್ಲಾಘ್ಯವೇ. ಪರಿಷತ್ತಿನ ಮುಂದಣ ರಸ್ತೆಗೆ ಪಂಪ ಮಹಾಕವಿಯ ಹೆಸರಿರುವುದು ಯಾರಿಗೆ ಸಂತೋಷವಲ್ಲ? ಹೊಸ ಹೆಸರಿನ ಕೆಳಗೆ ಹಳೆಯ ಸಂಖ್ಯೆಯನ್ನೂ ಉಳಿಸತಕ್ಕದ್ದು. ಆ ಸಂಖ್ಯೆಯೂ ಈಗ ಚರಿತ್ರೆಯ ಭಾಗ. ಹೆಸರಿಡುವ ಉತ್ಸಾಹವಿದ್ದರೆ, ಇಂದಿಗೂ ಹೆಸರಿಲ್ಲದೆ ಉಳಿದಿರುವ ಹಿಂದಣ ಓಣಿಗಳಿಂದ ಆರಂಭಿಸಬಹುದು.

ಮೂರನೆಯದು ನಮ್ಮೆಲ್ಲರಿಗೆ. ಫಲಕದಲ್ಲಿ ‘ಅಡ್ಡರಸ್ತೆ’ ಇರಲಿ, ಮಾತಿನಲ್ಲಿ ‘ಕ್ರಾಸು’ ಇರಲಿ. ಒಂದನ್ನು ಇನ್ನೊಂದರ ಶತ್ರುವೆಂದು ಎಣಿಸಬೇಕಾಗಿಲ್ಲ. ಪರಭಾಷೆಯ ಶಬ್ದವು ಬಂದಾಗ ಕೇಳಬೇಕಾದ ಪ್ರಶ್ನೆ, ಅದು ಯಾವ ಕೆಲಸಕ್ಕೆ ಬಂದಿತು, ಆ ಕೆಲಸವನ್ನು ಮಾಡುತ್ತಿದ್ದ ನಮ್ಮ ಶಬ್ದವೊಂದನ್ನು ಕೆಲಸದಿಂದ ಬಿಡಿಸಿತೆ ಎಂಬುದು. ಕೈಮರ ಕೈಕಂಬಗಳಂಥ ಮಾತುಗಳನ್ನು ಬಿಡಿಸುವಂತಿದ್ದರೆ ಎಚ್ಚರಗೊಳ್ಳಬೇಕು, ಅವನ್ನು ಬಳಸಿ ಉಳಿಸಬೇಕು. ಹೊಸ ಕೆಲಸಕ್ಕೆ ಹೊಸತಾಗಿ ಬಂದ ಶಬ್ದವಾದರೆ, ವಿಭಕ್ತಿಪ್ರತ್ಯಯಗಳನ್ನು ಹಚ್ಚಿಕೊಂಡು ನಮ್ಮ ವ್ಯಾಕರಣಕ್ಕೆ ವಿಧೇಯವಾಗಿ ನಡೆಯುವವರೆಗೆ ಅದನ್ನು ಕನ್ನಡವೆಂದೇ ಭಾವಿಸುವುದರಲ್ಲಿ ಕನ್ನಡಕ್ಕೆ ನಷ್ಟವಿಲ್ಲ.